ಎದೆಗೆ ಹಚ್ಚುವ ಮಣ್ಣು

ಖಾನಾಪುರದ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ಬಂಡೆಪ್ಪ ವಸ್ತಾದನ ಅಂಗಿಗೆಂದೇ ಒಂದು ಗೂಟವಿತ್ತು. ಮೂವತ್ತು ವರ್ಷ, ಪ್ರತಿ ಭಾನುವಾರ, ಅವನು ಬೆಳಗಾವಿಯ ಅನಗೋಳದಿಂದ ಮೊದಲ ಬಸ್ಸಿಗೆ ಬಂದು, ಅಂಗಿ ಬಿಚ್ಚಿ ಆ ಗೂಟಕ್ಕೆ ಹಾಕಿ, ಲಂಗೋಟಿ ಬಿಗಿದು ಅಖಾಡದ ಕೆಂಪು ಮಣ್ಣಿಗಿಳಿದನೆಂದರೆ ಹತ್ತು ಗಂಟೆಯವರೆಗೆ ಮೇಲೆ ಬರುತ್ತಿರಲಿಲ್ಲ. ಈ ವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ ಗೂಟ ಬರಿದಾಗಿಯೇ ಉಳಿಯಿತು. ವಸ್ತಾದ ಅಂಗಿ ತೊಟ್ಟುಕೊಂಡೇ, ಅದರೊಳಗೆ ದಪ್ಪನೆಯ ಬನಿಯನ್ ಬೇರೆ ಹಾಕಿಕೊಂಡು, ಕಟ್ಟೆಯ ಮೇಲೆ ಕೂತು ಬರೀ ಬಾಯಿಂದ ಕುಸ್ತಿ ಕಲಿಸತೊಡಗಿದ. ಯಾಕ್ರಿ ಅಂದರೆ, "ಭುಜಾ ಉಳಕೈತಿ" ಅನ್ನುವುದು. ಅಯ್ಯ ಶಿವನೇ, ನಾಲ್ಕು ತಿಂಗಳು ಉಳುಕಿರುವ ಭುಜ ಎಲ್ಲಾದರೂ ಇರುತ್ತದೆಯೇ!

ಖರೇ ಸಂಗತಿ ಏನೆಂದರೆ, ಬಂಡೆಪ್ಪನಿಗೆ ಮೊಲೆ ಬಂದಿದ್ದವು. ಹೌದು, ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು. ಐವತ್ತೆಂಟರ ವಯಸ್ಸಿನಲ್ಲಿ, ಬಾಗಿಲ ಹಲಗೆಯಂತಿದ್ದ ಎದೆ ಎರಡೂ ಕಡೆ ಮೆತ್ತಗೆ ಉಬ್ಬಿತ್ತು. ಅಂಗಿಯ ಬಟ್ಟೆ ತಾಗಿದರೂ ನೋಯುತ್ತಿತ್ತು. ಸ್ನಾನ ಮಾಡುವಾಗ ಅವನು ತನ್ನ ಮೈಯನ್ನು ತಾನೇ ನೋಡಿಕೊಳ್ಳದೆ, ಗೋಡೆ ನೋಡುತ್ತ ನೀರು ಸುರಿದುಕೊಳ್ಳುತ್ತಿದ್ದ.

ಇದರ ಮೂಲ ಹೋದ ಚಳಿಗಾಲದಲ್ಲಿತ್ತು. ಬಂಡೆಪ್ಪ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೋಲ್ಡಿಂಗ್ ಮೇಸ್ತ್ರಿ. ಮೂತ್ರ ಕಟ್ಟಿ ಎರಡು ದಿನ ಒದ್ದಾಡಿದಾಗ ಹೆಂಡತಿ ನಾಗರತ್ನಾ ಅವನನ್ನು ಅಕ್ಷರಶಃ ಎಳೆದುಕೊಂಡೇ ಬೆಳಗಾವಿಯ ದವಾಖಾನೆಗೆ ಹೋದಳು. ಪ್ರೊಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ, ಸೊಂಟದ ಎಲುಬಿಗೂ ಚೂರು ಹರಡಿದೆ ಎಂದು ಗೊತ್ತಾಯಿತು. ಡಾಕ್ಟರ್ ಮನಿಷಾ ಎಂಬ ನಲವತ್ತರ ಹೆಣ್ಣುಮಗಳು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಸಾವಕಾಶವಾಗಿ ಹೇಳಿದಳು.

"ಈ ಗಡ್ಡಿಗೆ ಗಂಡು ಹಾರ್ಮೋನ ಅಂದ್ರ ಗೊಬ್ಬರ ಇದ್ದಂಗ್ರಿ. ಗೊಬ್ಬರ ನಿಲ್ಲಿಸಿದ್ರ ಗಡ್ಡಿ ಸೊರಗ್ತೈತಿ. ಮೂರ ತಿಂಗಳಿಗೊಂದ ಸೂಜಿ, ದಿನಾ ಒಂದ ಗುಳಿಗಿ. ತಪ್ಪಿಸಬಾರ್ದು. ಬರೋಬರ ತೊಗೊಂಡ್ರ ವರ್ಷಗಟ್ಲೆ ಛಲೋ ಇರ್ತೀರಿ."

"ಅಂದ್ರ ನನಗ ಹೆಣ್ಣಿನ ಸೂಜಿ ಹಾಕ್ತೀರೇನ್ರಿ?" ಬಂಡೆಪ್ಪ ಮೀಸೆಯ ಮೇಲೆ ಕೈಯಿಟ್ಟು ಕೇಳಿದ.

ಡಾಕ್ಟರ್ ನಗಲಿಲ್ಲ. "ಹೆಣ್ಣಿಂದಲ್ರಿ, ನಿಮ್ಮದನ್ನ ಬಂದ್ ಮಾಡೂ ಸೂಜಿ. ಹಂಗ ನೋಡಿದ್ರ ಹೆಣ್ಣಿನ ಹಾರ್ಮೋನ ನಿಮ್ಮ ಮೈಯಾಗ ಮೊದಲಿಂದಲೂ ಐತಿ. ಗಂಡು ಹಾರ್ಮೋನದಾಗಿಂದನ ಮೈ ಒಂದೀಟು ಅದನ್ನ ಮಾಡ್ಕೋತೈತಿ. ಅದಿಲ್ಲಂದ್ರ ಎಂಥಾ ಪೈಲವಾನರ ಎಲಬೂ ಟೊಳ್ಳ ಬೀಳ್ತಾವ. ಇನ್ನ ನಿಮ್ಮ ಮನಿಯವರ ಮೈಯಾಗೂ ಗಂಡು ಹಾರ್ಮೋನ ಒಂದಿಷ್ಟ ಐತಿ, ಅವರ ಕಸುವಿಗೂ ಅದು ಬೇಕು. ಇಬ್ಬರಿಗೂ ಎರಡೂ ಅದಾವ್ರಿ, ಅಳತಿ ಬ್ಯಾರೆ ಅಷ್ಟ. ಆ ಅಳತಿ ತಪ್ಪಿದಾಗ ಮೈ ಸ್ವಲ್ಪ ಗೋಳಾಡ್ತೈತಿ. ಉರಿ ಬರ್ತೈತಿ, ಎದಿ ಉಬ್ಬಬಹುದು. ಹೆದರಬ್ಯಾಡ್ರಿ, ನನಗ ಬಂದ ಹೇಳ್ರಿ, ಅದಕ್ಕೂ ಉಪಾಯ ಅದಾವ."

ನಾಗರತ್ನಾ ಎಲ್ಲದಕ್ಕೂ ತಲೆಯಾಡಿಸಿದಳು. ಬಂಡೆಪ್ಪನ ಕಿವಿಗೆ ಬಿದ್ದದ್ದು ಒಂದೇ ಮಾತು, ಬಂದ್. ತಾಲೀಮಿನಲ್ಲಿ ಅವನಿಗೆ ಹೇಳಿಕೊಟ್ಟದ್ದೂ ಅವನು ಇತರರಿಗೆ ಹೇಳಿಕೊಟ್ಟದ್ದೂ ಇಷ್ಟೇ: ಗಂಡಿನ ಕಸುವೆಲ್ಲ ಲಂಗೋಟಿಯೊಳಗಿದೆ, ಅದನ್ನು ಕಾಯ್ದುಕೊಂಡವನು ಜಟ್ಟಿ. ಈಗ ಒಬ್ಬ ಡಾಕ್ಟರಮ್ಮ ಬಂದು ಅದಕ್ಕೇ ಬೀಗ ಹಾಕುತ್ತೇನೆ ಎಂದರೆ ಏನು ಮಾಡಬೇಕು?

ಎರಡು ಸೂಜಿಗಳಾದವು. ಡಾಕ್ಟರ್ ಹೇಳಿದಂತೆ ಗಡ್ಡೆ ಸೊರಗಿತು, ರಕ್ತದ ಪರೀಕ್ಷೆಯ ಅಂಕಿ ಜರ್ರನೆ ಇಳಿಯಿತು. ಅದರ ಜೊತೆಗೆ ಉರಿ ಶುರುವಾಯಿತು. ಸುಮ್ಮನೆ ಕೂತಾಗ ಹೊಟ್ಟೆಯಿಂದ ಎದೆಗೆ, ಎದೆಯಿಂದ ಮುಖಕ್ಕೆ ಝಗ್ ಎಂದು ಬೆಂಕಿ ಏರುವುದು, ಬೆವರು ಧಾರಾಕಾರ, ಮತ್ತೆ ಐದು ನಿಮಿಷಕ್ಕೆ ಚಳಿ. ಸಿಟ್ಟು ಬರುವಲ್ಲಿ ಅಳು ಬರುವುದು. ಬಸ್ಸಿನಲ್ಲಿ ಕಂಡಕ್ಟರ್ ಯಾರೋ ಮುದುಕಿಗೆ "ಆಯೀ, ಸಂಭಾಳಿಸಿ ಇಳೀರಿ" ಅಂದದ್ದಕ್ಕೆ ಈ ಮನುಷ್ಯನ ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಂಬುವುದಿಲ್ಲ, ಆದರೆ ಬಂತು.

ಎರಡು ವರ್ಷದ ಹಿಂದೆ ನಾಗರತ್ನಾಳ ಮುಟ್ಟು ನಿಂತಾಗ ಅವಳಿಗೂ ಇದೇ ಉರಿ ಬಂದಿತ್ತು. ಆಗ ಇದೇ ಬಂಡೆಪ್ಪ, "ಏನ್ ನಾಟಕಾ ಮಾಡ್ತಿಯೇ? ನಾ ದಿನಾ ಭಟ್ಟಿ ಮುಂದ ನಿಂತ ಬರ್ತೀನಿ, ನನಗಿಲ್ಲದ ಕಾವು ನಿನಗೆಲ್ಲಿಂದ ಬಂತು?" ಎಂದು ಗದರಿದ್ದ. ಆ ಮಾತನ್ನು ಅವಳು ಮರೆತಿರಲಿಲ್ಲ. ಮರೆಯುವ ಹೆಂಗಸೂ ಅಲ್ಲ.

"ಈಗ ತಿಳೀತೇನ್ರಿ ನಾಟಕಾ?" ಎಂದು ಅವಳು ನಕ್ಕಳು. ಆದರೆ ನಗುತ್ತಲೇ ಒದ್ದೆ ಟಾವೆಲ್ ತಂದು ಅವನ ಕುತ್ತಿಗೆಗೆ ಸುತ್ತಿದಳು. "ಖಾರ ಕಡಿಮಿ ಮಾಡ್ರಿ. ಚಾನೂ ಕಡಿಮಿ ಮಾಡ್ರಿ. ಉರಿ ಬಂದಾಗ ಎದ್ದ ತಿರಗ್ಯಾಡಬಾರ್ದು, ಕುಂತ ಬಿಡಬೇಕು, ಬಂದದ್ದು ಹೊಕ್ಕೈತಿ." ತನಗೆ ಯಾರೂ ಹೇಳಿಕೊಡದಿದ್ದ ಉಪಾಯಗಳನ್ನೆಲ್ಲ ಅವಳು ಅವನಿಗೆ ಹೇಳಿಕೊಟ್ಟಳು. ಎದೆಯ ಸಂಗತಿ ಅವಳಿಗೂ ಗೊತ್ತಿತ್ತು. ಡಾಕ್ಟರಿಗೆ ಹೇಳೋಣ ನಡೀರಿ ಎಂದಾಗ ಅವನು ಎದ್ದು ಹೊರಗೆ ಹೋದ.

ಅವನ ಹೆದರಿಕೆಗೆ ಒಂದು ದಿನಾಂಕವಿತ್ತು. ಶ್ರಾವಣದ ಮೊದಲ ಸೋಮವಾರ ತಾಲೀಮಿನ ಮಣ್ಣು ತಿರುವುತ್ತಾರೆ. ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬೆಹಣ್ಣಿನ ರಸ ಹಾಕಿ, ಸಲಿಕೆಯಿಂದ ಮಣ್ಣನ್ನು ತಳಮೇಲು ಮಾಡಿ, ವಸ್ತಾದ ಬರೀ ಲಂಗೋಟಿಯಲ್ಲಿ ನಡುವೆ ನಿಲ್ಲಬೇಕು. ಹಳೆಯ ಹೊಸ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ಬಂದು, ಒಂದು ಹಿಡಿ ಹೊಸ ಮಣ್ಣನ್ನು ವಸ್ತಾದನ ಎದೆಗೆ ತಿಕ್ಕಿ, ಕಾಲು ಮುಟ್ಟಬೇಕು. ಕಡಿಮೆ ಎಂದರೂ ಅರವತ್ತು ಜನ. ಅರವತ್ತು ಜೋಡಿ ಕಣ್ಣು, ಅರವತ್ತು ಕೈ. ಅದನ್ನು ನೆನೆದರೆ ಬಂಡೆಪ್ಪನಿಗೆ ಕ್ಯಾನ್ಸರ್ ಏನೂ ಅಲ್ಲ ಅನ್ನಿಸುತ್ತಿತ್ತು.

ಜುಲೈನಲ್ಲಿ ಮೂರನೆಯ ಸೂಜಿ. ಆ ದಿನ ನಾಗರತ್ನಾ ಕಾಕತಿಗೆ ತಂಗಿಯ ಮಗಳ ಸೀಮಂತಕ್ಕೆ ಹೋಗಬೇಕಾಗಿತ್ತು. "ಒಬ್ರ ಹೊಕ್ಕೀರಿ ಹೌದಿಲ್ಲೋ?" ಎಂದು ಮೂರು ಸಲ ಕೇಳಿ ಹೋದಳು. ಬಂಡೆಪ್ಪ ದವಾಖಾನೆಯ ಗೇಟಿನವರೆಗೆ ಹೋದ. ಅಲ್ಲಿ ಹತ್ತು ನಿಮಿಷ ನಿಂತ. ಆಮೇಲೆ ಪಕ್ಕದ ಔಷಧದಂಗಡಿಯಲ್ಲಿ ಗಾಯಕ್ಕೆ ಅಂಟಿಸುವ ಪಟ್ಟಿ ಒಂದನ್ನು ಕೊಂಡು, ಹೊಟ್ಟೆಯ ಮೇಲೆ ಸೂಜಿ ಹಾಕುತ್ತಿದ್ದ ಜಾಗಕ್ಕೆ ತಾನೇ ಅಂಟಿಸಿಕೊಂಡು ಮನೆಗೆ ಬಂದ. ಅಂದಿನಿಂದ ಗುಳಿಗೆಯೂ ಬಚ್ಚಲ ಪಾಲಾಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಅಂಥ ಜಂಬ.

ಸಂಜೆ ನಾಗರತ್ನಾ ಬಂದವಳೇ ಕೇಳಿದಳು. "ಹಾಕಿಸ್ಕೊಂಡ್ರಿ?"

"ಹೂಂ."

ಅವಳು ಅವನ ಅಂಗಿ ಎತ್ತಿ ಆ ಪಟ್ಟಿಯ ಮೇಲೆ ಮೆಲ್ಲಗೆ ಕೈಯಾಡಿಸಿ, "ಇನ್ನೊಂದ ಮೂರ ತಿಂಗಳ ನೀವು ನನ್ನವರು ಅಂತ ಆತು" ಎಂದಳು. ಬಂಡೆಪ್ಪ ಅಂಗಿ ಕೆಳಗೆಳೆದುಕೊಂಡು ಊಟಕ್ಕೆ ಕೂತ.

ಬರೀ ಸೂಜಿ ಬಿಟ್ಟರೆ ಸಾಲದು, ಹೋದ ಕಸುವು ಬೇಗ ವಾಪಸು ಬರಬೇಕು ಎಂದು ಅವನ ಲೆಕ್ಕ. ಅದಕ್ಕೆ ದಾರಿಯೂ ಗೊತ್ತಿತ್ತು. ಅವನ ಶಿಷ್ಯ ಚೇತನ, ಮೂವತ್ತೊಂದರ ಹುಡುಗ, ಒಂದು ಕಾಲಕ್ಕೆ ತಾಲೀಮಿಗೆ ಬೆಳ್ಳಿ ಗದೆ ತಂದವನು, ಈಗ ಐದು ವರ್ಷದಿಂದ ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ಜಿಮ್ ನಡೆಸುತ್ತಿದ್ದ. ಅಲ್ಲಿ ಗಂಡು ಹಾರ್ಮೋನಿನ ಸೂಜಿ ಸಿಗುತ್ತದೆ, ಚುಚ್ಚಿಸಿಕೊಂಡರೆ ವಾರದಲ್ಲಿ ಮೈ ಹುರಿಗೊಳ್ಳುತ್ತದೆ ಎಂದು ತಾಲೀಮಿನಲ್ಲಿ ಪಿಸುಮಾತಿತ್ತು. ಮೊದಲಾಗಿದ್ದರೆ ಬಂಡೆಪ್ಪ ಆ ಮಾತಾಡಿದವನ ಕಿವಿ ಹಿಂಡುತ್ತಿದ್ದ. ಈಗ ಮಣ್ಣು ತಿರುವಲು ಎಂಟು ದಿನ ಉಳಿದಿರುವಾಗ, ತಾಲೀಮು ಮುಗಿಸಿ ನೆಟ್ಟಗೆ ಅಲ್ಲಿಗೇ ನಡೆದ.

ಜಿಮ್ಮು ಮೇಲೆ, ಮನೆ ಕೆಳಗೆ. ಮಧ್ಯಾಹ್ನವಾದ್ದರಿಂದ ಮೇಲೆ ಯಾರೂ ಇರಲಿಲ್ಲ. ಕೆಳಗಿನ ಬಾಗಿಲಲ್ಲಿ ಚೇತನನ ಹೆಂಡತಿ ಸಪ್ನಾ ಸಿಕ್ಕಳು. ಬಾವಿಯ ನೀರಿನಂತೆ ತಣ್ಣಗಿದ್ದ ಹುಡುಗಿ, ಈಗ ಕಣ್ಣ ಕೆಳಗೆ ಕಪ್ಪು, ಕೊರಳಲ್ಲಿ ಮೂರು ತಾಯತ.

"ಬರ್ರಿ ಕಾಕಾ, ಕುಂದರ್ರಿ."

"ಯಾಕವ್ವಾ, ಹಿಂಗ್ಯಾಕ ಬಡಕಾಗಿದಿ?"

"ಮಕ್ಕಳಾಗಾಕ ನಾಟಿ ಔಷಧ ಕೊಡೂ ಕಾಡವ್ವನ ಕಷಾಯ ಕುಡ್ಯಾಕತ್ತೀನಿ ಕಾಕಾ. ಕುಡದ ಮ್ಯಾಲೆ ಹೊಟ್ಯಾಗ ಒಂದಗಳೂ ನಿಲ್ಲಾಂಗಿಲ್ಲ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಮದಿವ್ಯಾಗಿ ನಾಕ ವರ್ಷಾತಲ್ರಿ. ಮಕ್ಕಳಾಗವಲ್ಲವು. ದೋಷಾ ನಂದ ಐತಿ ಅಂತಾರ ನಮ್ಮತ್ತಿ. ನನ್ನ ಟೆಸ್ಟೆಲ್ಲಾ ಬರೋಬರ ಅದಾವ, ಆದ್ರೂ."

ಬಂಡೆಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, ಆಮೇಲೆ ಮೆಟ್ಟಿಲು ಹತ್ತಿದ.

ಚೇತನ ಗುರುವನ್ನು ಕಂಡು ಎದ್ದು ಬಂದು ಕಾಲು ಮುಟ್ಟಿದ. ತೋಳು ತೊಡೆ ಗಾತ್ರ, ಕತ್ತು ಕಾಣದಷ್ಟು ಭುಜ. ಬಂಡೆಪ್ಪ ಸುತ್ತಿ ಬಳಸಲಿಲ್ಲ.

"ಆ ಸೂಜಿ ನನಗೊಂದ ಹಾಕೋ."

"ಯಾ ಸೂಜಿ ವಸ್ತಾದ್ರ?"

"ಗೊತ್ತಿಲ್ಲದಾವರಂಗ ಮಾಡಬ್ಯಾಡ. ಗಂಡಸ್ತನದ್ದು."

ಚೇತನನ ಮುಖ ಬಿಳುಪಾಯಿತು. "ನಿಮಗ್ಯಾಕ ಬೇಕ್ರಿ ಅದು? ಬ್ಯಾಡ್ರಿ."

"ಊರ ಮಂದಿಗೆಲ್ಲಾ ಕೊಡ್ತಿ, ಕಲಿಸಿದ ಗುರುವಿಗೆ ಇಲ್ಲೇನು?" ಬಂಡೆಪ್ಪನ ದನಿ ಏರಿತು. "ನಿನ್ನ ಎತ್ತಿ ಒಗದ ಕೈ ಇದು, ಮರತಿ?"

"ಕೊಟ್ಟ ತಪ್ಪ ಮಾಡೀನ್ರಿ. ಮೊದಲ ನಾನ ಚುಚ್ಚಿಕೊಂಡೀನಿ. ಐದ ವರ್ಷ." ಚೇತನ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ವಸ್ತಾದ್ರ, ಸಪ್ನಾಗ ದೋಷ ಇಲ್ರಿ. ನನಗೈತಿ. ನಾ ಕದ್ದು ಹೋಗಿ ಪರೀಕ್ಷಾ ಮಾಡಿಸಿದೆ. ಬೀಜನ ಇಲ್ಲಂತ. ಸೊನ್ನಿ. ಹೊರಗಿಂದ ಹಾರ್ಮೋನ ಸುರದ್ರ, ಒಳಗಿಂದು 'ನಂದೇನ ಕೆಲಸ' ಅಂತ ಬಂದ್ ಬೀಳ್ತೈತಂತ. ಹೆಚ್ಚಾಗಿದ್ದನ್ನ ಮೈ ಹೆಣ್ಣಿನ ಹಾರ್ಮೋನ ಮಾಡಿ ಕುಂದರಿಸ್ತೈತಂತ. ನೋಡ್ರಿಲ್ಲೆ."

ಅವನು ಅಂಗಿ ಎತ್ತಿದ. ಒಳಗೆ ಎದೆ ಒತ್ತಿ ಹಿಡಿಯುವ ಬಿಗಿ ಬನಿಯನ್. ಅದನ್ನೂ ಎತ್ತಿದ. ಆ ಕಬ್ಬಿಣದಂಥ ಮೈಮೇಲೆ ಎರಡು ಮೆತ್ತನೆಯ ಉಬ್ಬು.

ಬಂಡೆಪ್ಪ ಬೆಂಚಿನ ಮೇಲೆ ಕುಸಿದು ಕೂತ. ಗಂಡು ಹಾರ್ಮೋನು ಕಡಿಮೆಯಾಗಿ ತನಗೆ ಬಂದದ್ದೇ, ಅದು ಹೆಚ್ಚಾಗಿ ಈ ಹುಡುಗನಿಗೂ ಬಂದಿತ್ತು. ಅಳತೆ ತಪ್ಪಿದರೆ ಮೈ ಗೋಳಾಡುತ್ತದೆ ಎಂದು ಡಾಕ್ಟರ್ ಮನಿಷಾ ಹೇಳಿದ್ದು ಈಗ ಅರ್ಥವಾಯಿತು. ಆರು ತಿಂಗಳ ಹಿಂದೆ ಹೇಳಿದ್ದು.

"ಸೂಜಿ ಬಿಟ್ರ ಸರಿ ಹೋಗಬಹುದು ಅಂದಾರೇನು?"

"ವರ್ಷಾ ಹಿಡಿಬಹುದು, ಬರಬಹುದು ಅಂದಾರ್ರಿ. ಒಂದ ಸಲ ಬಿಟ್ಟೆ. ಮೈ ಇಳೀತು, ಕಾರಣಿಲ್ಲದ ಅಳು ಬರಾಕತ್ತು. ಹೆದರಿ ಮತ್ತ ಚುಚ್ಚಿಕೊಂಡೆ."

"ಸಪ್ನಾಗ ಹೇಳಿಯೇನು?"

"ಹ್ಯಾಂಗ ಹೇಳ್ಲಿ ವಸ್ತಾದ್ರ? ಹೇಳಿದ ಮ್ಯಾಲೆ ಗಂಡಸಂತಾರೇನು ನನಗ?" ಚೇತನನ ಕಣ್ಣು ತುಂಬಿದ್ದವು. "ನೀವ ಕಲಿಸಿದ್ರಲ್ಲ. ನೋವು ಅಂತ ಬಾಯಿ ಬಿಟ್ಟಾಂವಗ ಈ ಮಣ್ಣಾಗ ಜಾಗಾ ಇಲ್ಲ ಅಂತ."

ಕಲಿಸಿದ್ದು ಹೌದು. ಅದನ್ನು ಅವನು ಮೂವತ್ತು ವರ್ಷ ಎಷ್ಟು ಹುಡುಗರಿಗೆ ಹೇಳಿದ್ದನೋ ಲೆಕ್ಕವಿಲ್ಲ. ಕೆಳಗೆ ಬಚ್ಚಲಲ್ಲಿ ಸಪ್ನಾ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸಿತು. ಇಬ್ಬರೂ ಕೇಳಿಸಿಕೊಂಡರು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಂಡೆಪ್ಪನಿಗೆ ಆ ಗಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಹೋಗಿ ಹೇಳು ಎಂದು ಅಪ್ಪಣೆ ಕೊಡುವುದು ಸುಲಭ. ಹುಡುಗ ಹೇಳುತ್ತಿರಲಿಲ್ಲ. ಅವನು ಯಾವತ್ತೂ ಗುರು ಹೇಳಿದ್ದನ್ನಲ್ಲ, ಗುರು ಮಾಡಿದ್ದನ್ನು ನೋಡಿ ಕಲಿತವನು. ಬಂಡೆಪ್ಪ ಎದ್ದು ನಿಂತು ಅಂಗಿಯ ಗುಂಡಿ ಬಿಚ್ಚಿದ. ಆಮೇಲೆ ಬನಿಯನ್ ತಲೆಯ ಮೇಲಿಂದ ತೆಗೆದ.

ಚೇತನ ಬಾಯಿ ತೆರೆದು ನೋಡಿದ. "ವಸ್ತಾದ್ರ, ನೀವೂ ಸೂಜಿ..."

"ನಂದು ಬ್ಯಾರೆ ಸೂಜಿ. ಕ್ಯಾನ್ಸರ್ ಐತಿ ನನಗ. ಗಂಡು ಹಾರ್ಮೋನ ಸಿಕ್ರ ಅದು ಹೆಡಿ ಎತ್ತತೈತಂತ, ಅದಕ್ಕ ಬಂದ್ ಮಾಡ್ಯಾರ. ಈ ಎದಿ ಮಂದಿಗೆ ಕಾಣಬಾರ್ದಂತ ನಾ ಆ ಸೂಜಿ ತಪ್ಪಿಸಿ ನಿನ್ನ ಕಡೆ ಬಂದೆ."

"ನಾ ಕೊಟ್ಟಿದ್ರ?" ಚೇತನ ಗೋಡೆಗೆ ಒರಗಿದ. "ನಾ ಕೊಟ್ಟಿದ್ರ ಏನಾಗ್ತಿತ್ರಿ ವಸ್ತಾದ್ರ?"

"ನನ್ನ ಕಾಲಿಗೆ ನಾನ ಕೊಡ್ಲಿ ಹಾಕ್ಕೊಂಡಂಗ ಆಗ್ತಿತ್ತು. ಅದನ್ನ ನಿನ್ನ ಕೈಲೆ ಮಾಡಸಾಕ ಬಂದಿದ್ದೆ, ಹಾಳಾದಾಂವ ನಾನು." ಅವನು ಮೆಟ್ಟಿಲ ಕಡೆ ತಿರುಗಿ ಕೂಗಿದ. "ಸಪ್ನಾ, ಮಗಳ, ಒಂದೀಟ ಮ್ಯಾಲ ಬಾ."

ಸಪ್ನಾ ಮುಖ ಒರೆಸಿಕೊಳ್ಳುತ್ತ ಬಂದಳು. ಬರಿಮೈಯಲ್ಲಿ ನಿಂತ ಹಿರಿಯನನ್ನು ಕಂಡು ಹಿಂದೆ ಸರಿಯಹೋದಳು.

"ನಾಚಬ್ಯಾಡವ್ವಾ, ನಿಮ್ಮಪ್ಪ ಅಂತ ತಿಳಕೋ. ನನ್ನ ಎದಿ ಹಿಂಗಾಗೇತಿ ನೋಡು. ಹಾರ್ಮೋನ ಅಳತಿ ತಪ್ಪಿ ಹಿಂಗಾಗೇತಿ. ನಾ ಹೇಳಾಕ ನಾಚಿಕೊಂಡ ಸಾಯಾಕ ನಿಂತಿದ್ದೆ. ಈಗ ನಿನ್ನ ಗಂಡ ನಿನಗೇನೋ ಹೇಳ್ತಾನ. ನಾ ಇಲ್ಲೇ ಇರ್ತೀನಿ."

ಚೇತನ ಹೇಳಿದ. ತಡವರಿಸಿ, ನೆಲ ನೋಡಿಕೊಂಡು, ಎರಡು ಸಲ ನಿಲ್ಲಿಸಿ, ಆದರೆ ಪೂರ್ತಿ ಹೇಳಿದ. ಸಪ್ನಾ ಅಳಲಿಲ್ಲ. ಕೊರಳ ತಾಯತಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೇಳಿದಳು.

"ನಿಮಗ ಎಷ್ಟ ದಿನದಿಂದ ಗೊತ್ತಿತ್ರಿ?"

"ಎರಡ ವರ್ಷ."

"ಎರಡ ವರ್ಷ ನಾ ಕುಡಿಯೂದು ನೋಡಿಕೋತ ಕುಂತಿದ್ರಿ?"

ಆ ಪ್ರಶ್ನೆ ಬಂಡೆಪ್ಪನನ್ನೂ ಬಿಡಲಿಲ್ಲ. ಪಟ್ಟಿಯ ಮೇಲೆ ಕೈಯಾಡಿಸಿ ಸಮಾಧಾನಪಟ್ಟವಳು ಅನಗೋಳದ ಮನೆಯಲ್ಲಿ ಈ ಹೊತ್ತಿಗೆ ಅವನಿಗೆಂದು ಖಾರವಿಲ್ಲದ ಸಾರು ಕುದಿಸುತ್ತಿದ್ದಳು. ಸಪ್ನಾ ಸರಸರ ಇಳಿದು ಹೋದಳು. ಬಂಡೆಪ್ಪ ಅಲ್ಲೇ ನಿಂತು ಫೋನು ಹಚ್ಚಿದ.

"ರತ್ನಾ, ಸೂಜಿ ಹಾಕಿಸ್ಕೊಂಡಿಲ್ಲ ನಾನು. ಪಟ್ಟಿ ನಾನ ಹಚ್ಚಿಕೊಂಡಿದ್ದೆ."

ಆ ಕಡೆ ನಾಗರತ್ನಾ ಸಿಡಿದಳು. "ನನಗ ಕುಂಕಮಾ ಅಳಸಾಕ ನಿಂತಿದ್ರೇನ್ರಿ? ನಾ ಏನ್ ಅನ್ಯಾಯ ಮಾಡಿದ್ದೆ ನಿಮಗ? ಎದಿ ಬಂದ್ರ ಬರ್ಲಿ, ಮೀಸಿ ಹ್ವಾದ್ರ ಹೋಗ್ಲಿ, ನನಗ ನೀವ ಬೇಕ್ರಿ!" ಅಳು, ಮೂಗು ಏರಿಸುವ ಸದ್ದು. "ಈಗ ಮನೀಗೆ ಬರಬ್ಯಾಡ್ರಿ. ಸೀದಾ ದವಾಖಾನಿಗೆ ಬರ್ರಿ. ಡಾಕ್ಟರ ಇರ್ಲಿ ಬಿಡ್ಲಿ, ನಾ ಗೇಟಿನಾಗ ನಿಂತಿರ್ತೀನಿ."

ಡಾಕ್ಟರ್ ಮನಿಷಾ ಸಿಕ್ಕದ್ದು ಮರುದಿನ. ಹನ್ನೆರಡು ದಿನ ತಡವಾಗಿದೆ, ಕೈ ಮೀರಿಲ್ಲ ಎಂದಳು. ಸೂಜಿ ಹಾಕಿದಳು. ಎದೆ ನೋಡಿ, ಮೊದಲೇ ಹೇಳಿದ್ದರೆ ಇಷ್ಟು ಉಬ್ಬಲು ಬಿಡುತ್ತಿರಲಿಲ್ಲ, ಇನ್ನು ಪೂರ್ತಿ ಹೋಗಲಿಕ್ಕಿಲ್ಲ, ನೋವನ್ನು ಮಾತ್ರ ಕಡಿಮೆ ಮಾಡಬಹುದು ಎಂದಳು. ಬಂಡೆಪ್ಪ ಈ ಸಲ ಗೋಡೆ ನೋಡದೆ ಅವಳ ಮುಖ ನೋಡಿಯೇ ಕೇಳಿಸಿಕೊಂಡ. ಕೊನೆಗೆ ಚೇತನನ ಸಂಗತಿ ಹೇಳಿ, ಅವನನ್ನು ಯಾರ ಬಳಿ ಕಳಿಸಬೇಕೆಂದು ಕೇಳಿ, ಚೀಟಿಯಲ್ಲಿ ಹೆಸರು ಬರೆಸಿಕೊಂಡ.

ಸೋಮವಾರ ಬಂತು. ಮಳೆ ಹಿಡಿದಿತ್ತು. ತಾಲೀಮಿನ ಒಳಗೆ ಎಣ್ಣೆ ಮಜ್ಜಿಗೆಯ ವಾಸನೆ, ಅರವತ್ತಕ್ಕೂ ಹೆಚ್ಚು ಜನ. ಚೇತನ ಕೊನೆಯ ಸಾಲಿನಲ್ಲಿ ಅಂಗಿ ತೊಟ್ಟೇ ನಿಂತಿದ್ದ. ವೈದ್ಯರನ್ನು ಕಂಡು ಬಂದಿದ್ದ, ಜಿಮ್ಮಿನ ಸೂಜಿಗಳನ್ನೆಲ್ಲ ಒಡೆದು ಹೂತಿದ್ದ. ಸಪ್ನಾ ನಂದಗಡದ ತವರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಬರುತ್ತಾಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಬಂಡೆಪ್ಪ ಅಂಗಿ ಬಿಚ್ಚಿ ಮಣ್ಣಿಗಿಳಿದ. ಹಿಂದೆ ಯಾರೋ ಮುಖ ತಿರುವಿದರು, ಯಾರೋ ಕಿಸಕ್ಕೆಂದರು. ಅವನ ಮುಖಕ್ಕೆ ಉರಿ ಏರಿತು, ಬೆವರು ಹರಿಯಿತು. ಅದು ನಾಚಿಕೆಯದೋ ಹಾರ್ಮೋನಿನದೋ ಅವನಿಗೂ ತಿಳಿಯಲಿಲ್ಲ. ಉರಿ ಇಳಿಯುವವರೆಗೂ ನಿಂತ. ಆಮೇಲೆ ಎಲ್ಲರಿಗೂ ಕೇಳುವಂತೆ ರೋಗದ ಹೆಸರು ಹೇಳಿದ, ಔಷಧ ಏನು ಮಾಡುತ್ತದೆ ಎಂದೂ ಹೇಳಿದ. "ಇನ್ನ ನಗಾವ್ರು ಒಮ್ಮೆ ನಕ್ಕ ಬಿಡ್ರಿ" ಎಂದ. ಯಾರೂ ನಗಲಿಲ್ಲ.

ಎಲ್ಲರಿಗಿಂತ ಹಳೆಯ ಶಿಷ್ಯ ಈರಣ್ಣ, ನಲವತ್ತೈದರ ಗೃಹಸ್ಥ, ಮೊದಲು ಬಂದ. ಒಂದು ಹಿಡಿ ಮಣ್ಣು ತೆಗೆದುಕೊಂಡು, ರೂಢಿಯಂತೆ ಜೋರಾಗಿ ತಿಕ್ಕಲು ಕೈಯೆತ್ತಿದವನು ಎಲ್ಲಿ ಮುಟ್ಟಬೇಕೆಂದು ತಿಳಿಯದೆ ಹಾಗೇ ನಿಂತುಬಿಟ್ಟ.

ಬಂಡೆಪ್ಪ ಅವನ ಮಣಿಕಟ್ಟು ಹಿಡಿದು, ಆ ಕೈಯನ್ನು ತಾನೇ ತನ್ನ ಎದೆಯ ಮೇಲಿಟ್ಟುಕೊಂಡ.

"ಮೆಲ್ಲಕ ಹಚ್ಚೋ ಈರಣ್ಣಾ," ಎಂದ. "ಬಾಳ ನೋಯ್ತೈತಿ."